ಒರೆಸಿದ ಮೇಲೆ ಕಾಲಿಡಬಾರದು

ಮಾರ್ಚ್ ೩, ಸೋಮವಾರ

ದೇವರೇ, ಈ ಪುಸ್ತಕ ನಿನಗೂ ನನಗೂ ಮಾತ್ರ. ಯಜಮಾನರ ಹೊಲಿಗೆ ಅಂಗಡಿಯ ಅಳತೆ ಪುಸ್ತಕದಲ್ಲಿ ಹಿಂದಿನ ಅರ್ಧ ಖಾಲಿ ಇತ್ತು, ಇಸಿದುಕೊಂಡೆ. ಮುಂದಿನ ಅರ್ಧದಲ್ಲಿ ಊರವರ ಎದೆ, ಸೊಂಟ, ತೋಳು. ಹಿಂದಿನ ಅರ್ಧದಲ್ಲಿ ನನ್ನ ಪಾಡು.

ಇವತ್ತು ನನ್ನ ಕೈಗೆ ಸೂಜಿ ಕೊಟ್ಟರು!

ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆ ನನ್ನ ಕೈಗೆ ಕೊಟ್ಟಿದ್ದು ನೆಲ ಒರೆಸುವ ಕೋಲು, ಬಕೆಟ್ಟು, ಬೆಡ್‌ಪ್ಯಾನು. ಅದರಲ್ಲೇನೂ ಕಡಿಮೆಯಿಲ್ಲ. ನಾನು ಒರೆಸಿದ ನೆಲದ ಮುಂದೆ ದೊಡ್ಡ ಡಾಕ್ಟರು ಕೂಡ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವರೇ. 'ಒರೆಸಿದ್ದೀನಿ, ಕಾಲಿಡಬೇಡಿ!' ಅಂತ ನಾನು ಕೂಗಿದರೆ ಮೂರನೇ ವಾರ್ಡಿನವರೂ ಎತ್ತಿದ ಕಾಲು ಹಾಗೇ ಹಿಡಿಯುತ್ತಿದ್ದರು. ಹೋದ ವರ್ಷ ಹಳೆಯ ಆಯಾಗಳಿಗೆ ನರ್ಸಿಂಗ್ ಕಲಿಸುತ್ತೇವೆ, ಐವತ್ತು ತುಂಬಿರಬಾರದು ಎಂದು ಗೋಡೆಗೆ ಕಾಗದ ಅಂಟಿಸಿದರು. ನನಗೆ ಐವತ್ತು ತುಂಬಲು ನಾಲ್ಕೇ ತಿಂಗಳಿತ್ತು. ಟ್ರಂಕಿನ ತಳದಿಂದ ಹಳ್ಳಿ ಶಾಲೆಯ ಹತ್ತನೇ ತರಗತಿಯ ಕಾಗದ ತೆಗೆದೆ, ಮಡಿಕೆಯಲ್ಲಿ ಹರಿದಿತ್ತು, ಅಂಟಿಸಿಕೊಂಡು ಹೋದೆ.

ಕಲಿಕೆಯ ಕೊನೆಯ ಮೆಟ್ಟಿಲು ಇದು, ಡ್ರಿಪ್ಪಿಗೆ ನರದೊಳಗೆ ಕ್ಯಾನುಲಾ ಅನ್ನುವ ಸಣ್ಣ ನಳಿಗೆ ಕೂರಿಸುವುದು. ಹತ್ತು ಸಾಲಿನ ಒಂದು ಪುಸ್ತಕ ಕೊಟ್ಟಿದ್ದಾರೆ. ಹತ್ತು ಜನಕ್ಕೆ ಸರಿಯಾಗಿ ಹಾಕಬೇಕು, ಪ್ರತಿಯೊಂದಕ್ಕೂ ಕಲಿಸುವವರು ಕಣ್ಣಾರೆ ನೋಡಿ ಸಹಿ ಹಾಕಬೇಕು. ಈ ತಿಂಗಳ ಮೂವತ್ತೊಂದರೊಳಗೆ ಹತ್ತು ತುಂಬಿದರೆ ನರ್ಸು. ತುಂಬದಿದ್ದರೆ ಮತ್ತೆ ಬಕೆಟ್ಟು. ಐವತ್ತು ದಾಟಿದವಳಿಗೆ ಎರಡನೇ ಸಲ ಇಲ್ಲ.

ನಮ್ಮ ವಾರ್ಡಿನಲ್ಲಿ ಆ ಸಹಿ ಹಾಕುವವಳು ಯಾರು ಗೊತ್ತಲ್ಲ? ನನ್ನ ಮಗನ ಹೆಂಡತಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯಿದೆ. ನಮ್ಮ ಮನೆಯಲ್ಲಿ ಕಾಲ ದಿನಕ್ಕೆರಡು ಸಲ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ನನ್ನದು ಮುಗಿದು ಅವಳದು ಶುರು, ಸಂಜೆ ಐದಕ್ಕೆ ಮತ್ತೆ ನನ್ನದು. ಮನೆಯಲ್ಲಿ ಅವಳು 'ಅತ್ತೆ' ಅನ್ನುತ್ತಾಳೆ. ವಾರ್ಡಿನಲ್ಲಿ ನಾನು 'ಸಿಸ್ಟರ್' ಅನ್ನಬೇಕು.

ಮೊದಲು ರಬ್ಬರ್ ಕೈ. ಭುಜದಿಂದ ಕತ್ತರಿಸಿ ಮೇಜಿನ ಮೇಲಿಟ್ಟ ಹಾಗಿದೆ, ಒಳಗೆ ಕೆಂಪು ನೀರು. ನಾನು ಅಭ್ಯಾಸಬಲದಿಂದ "ಸ್ವಲ್ಪ ನೋವಾಗುತ್ತೆ, ತಡ್ಕೊಳಪ್ಪ" ಅಂದುಬಿಟ್ಟೆ. ನನ್ನ ಜೊತೆ ಕಲಿಯುವ ಹತ್ತೊಂಬತ್ತರ ಹುಡುಗಿ, ನಾವು ಗುಬ್ಬಿ ಅನ್ನುತ್ತೇವೆ, ಕಿಸಕ್ಕನೆ ನಕ್ಕಳು.

"ನಗಬೇಡಿ. ಹಾಗೇ ಹೇಳ್ಬೇಕು," ಅಂದಳು ಮಗನ ಹೆಂಡತಿ. ಮುಖದಲ್ಲಿ ನಗುವಿಲ್ಲ.

ಮಾರ್ಚ್ ೫, ಬುಧವಾರ

ಮನೆಯಲ್ಲೂ ಕಲಿಕೆ. ಯಜಮಾನರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕಿದೆ. ಚುಚ್ಚುವ ಹಾಗಿಲ್ಲ, ಮುಟ್ಟಿ ಹುಡುಕುವುದಷ್ಟೇ.

"ಸೂಜಿ ವಿಷ್ಯದಲ್ಲಿ ನನ್ನ ಕೇಳೇ. ಮೂವತ್ತು ವರ್ಷದ ಸರ್ವೀಸು," ಅಂದರು.

"ನಿಮ್ಮ ಬಟ್ಟೆ ಅಯ್ಯಮ್ಮಾ ಅನ್ನಲ್ಲ ರೀ."

"ಬಟ್ಟೆ ಅನ್ನಲ್ಲ, ಗಿರಾಕಿ ಅಂತಾನೆ."

ನರ ಹುಡುಕುವುದು ನನಗೆ ಹೊಸದಲ್ಲ ಅನ್ನಿಸಿತು. ಪೈಜಾಮದ ಸೊಂಟದ ಮಡಿಕೆಯೊಳಗೆ ಲಾಡಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೊರಗಿನಿಂದ ಬೆರಳಾಡಿಸಿ ಹಿಡಿಯುತ್ತೇವಲ್ಲ, ಹಾಗೇ. ಕಣ್ಣು ಮುಚ್ಚಿಕೊಂಡರೆ ಇನ್ನೂ ಚೆನ್ನಾಗಿ ಸಿಗುತ್ತದೆ. ಒತ್ತಿದರೆ ಮೆತ್ತಗೆ ಪುಟಿಯುತ್ತದೆ, ಅದೇ ನರ. ಪುಟಿಯದಿದ್ದರೆ ಸ್ನಾಯು. ಇವರ ಎಡಗೈಯಲ್ಲಿ ಐದು ಕಡೆ ಹಿಡಿದೆ! ಆರನೆಯದಕ್ಕೆ ಹೋಗುವಷ್ಟರಲ್ಲಿ ಊಟದ ತಟ್ಟೆಯ ಹಿಂದಿನಿಂದ ದನಿ ಬಂತು.

"ಅತ್ತೆ, ಪಟ್ಟಿ ಬಿಚ್ಚಿ. ಮಾವನ ಕೈ ನೀಲಿ ಆಗ್ತಿದೆ."

ಮಾರ್ಚ್ ೭, ಶುಕ್ರವಾರ

ಒಂದು! ಒಂದು! ಒಂದು!

ಆದರೆ ಮೊದಲು ಮಾನ ಹೋಗಿದ್ದನ್ನು ಬರೆಯುತ್ತೇನೆ. ನನಗೆ ಕೊಟ್ಟಿದ್ದು ಗಾರೆ ಮೇಸ್ತ್ರಿಯ ಕೈ. ಆ ಕೈಯಲ್ಲಿ ನರಗಳು ಹಗ್ಗದ ಹಾಗೆ ಎದ್ದು ನಿಂತಿದ್ದವು, ಕುರುಡರೂ ಹಾಕಬಹುದು. ಪಟ್ಟಿ ಕಟ್ಟಿದೆ, ಸ್ಪಿರಿಟ್ಟಿನಿಂದ ಒರೆಸಿದೆ, ಸೂಜಿಯ ಮುಚ್ಚಳ ತೆಗೆದೆ. ನಿನ್ನನ್ನು ನೆನೆಯದೆ ನಾನು ಯಾವ ಕೆಲಸವನ್ನು ಶುರು ಮಾಡಿದ್ದೇನೆ, ದೇವರೇ? ಸೂಜಿ ಹಿಡಿದೇ ಕಣ್ಣು ಮುಚ್ಚಿದೆ.

"ಅಯ್ಯಯ್ಯೋ! ಈಯಮ್ಮ ಕಣ್ಣು ಮುಚ್ಕೊಂಡು ಚುಚ್ತಾರೆ ಕಣ್ರಪ್ಪೋ!"

ಮೇಸ್ತ್ರಿ ಕೈ ಎಳೆದುಕೊಂಡ ರಭಸಕ್ಕೆ ಟ್ರೇ ಬಿತ್ತು. ಪಕ್ಕದ ಬೆಡ್ಡಿನವರೂ ಎದ್ದು ಕೂತರು. ಮಗನ ಹೆಂಡತಿ ಬಂದವಳೇ ಎಲ್ಲರ ಎದುರಿಗೆ ಹೇಳಿದಳು: "ಪ್ರಾರ್ಥನೆ ಬಾಗಿಲಾಚೆ ಮುಗಿಸ್ಕೊಂಡು ಬನ್ನಿ. ಒಳಗೆ ಕಣ್ಣು ತೆರೆದಿರ್ಬೇಕು."

ನಿನ್ನನ್ನು ಬಾಗಿಲಾಚೆ ನಿಲ್ಲಿಸಿದ ಹಾಗಾಯಿತು. ಆದರೆ ಹೊರಗೆ ಹೋದೆ, ಕೈ ತೊಳೆದೆ, ಪ್ರಾರ್ಥಿಸಿದೆ, ಬಂದೆ. ಮೇಸ್ತ್ರಿಗೂ ಪಾಪ ಅನ್ನಿಸಿರಬೇಕು. "ಇಟ್ಟಿಗೆ ಸಾಲಿಗೆ ದಾರ ಹಿಡೀತೀವಲ್ಲಮ್ಮ, ಹಂಗೆ ಕಣ್ಣು ಬಿಟ್ಟು ನೇರ ನೋಡಿ ಹಾಕು. ನಾನು ಆ ಕಡೆ ತಿರುಗ್ತೀನಿ," ಅಂದ.

ಚರ್ಮ ಎಳೆದು ಹಿಡಿದೆ. ಮೊನೆ ಒಳಗೆ ಹೋದದ್ದು ಬೆರಳಿಗೆ ತಿಳಿಯಿತು. ಒಂದು ಸಣ್ಣ ತಡೆ, ಆಮೇಲೆ ಬಿಡುಗಡೆ. ಸೂಜಿಯ ಹಿಂದಿನ ಪುಟ್ಟ ಡಬ್ಬಿಯಲ್ಲಿ ಕೆಂಪು ಬಂತು! ಪ್ಲಾಸ್ಟಿಕ್ ನಳಿಗೆ ಒಳಗೆ, ಸೂಜಿ ಹೊರಗೆ, ಪಟ್ಟಿ ಬಿಚ್ಚು, ಡ್ರಿಪ್ಪು ಹನಿ ಹನಿ ಹನಿ. ನನ್ನ ಕಾಲು ಕುಣಿಯುತ್ತಿತ್ತು, ಮೇಲಿನ ಅರ್ಧ ಗಂಭೀರವಾಗಿತ್ತು.

ಹಾಕಿದ್ದು ನೀನೇ. ನನ್ನ ಕೈ ಬರೀ ಕೈಗವಸು.

ಮಾರ್ಚ್ ೮, ಶನಿವಾರ

ನಿನ್ನೆಯಿಂದ ಕಂಡವರ ಕೈಯನ್ನೇ ನೋಡುತ್ತಿದ್ದೇನೆ. ಬಸ್ಸಿನ ಕಂಡಕ್ಟರು ಟಿಕೆಟ್ ಕೊಟ್ಟಾಗ, ಅಬ್ಬಾ, ಎಂಥ ನರ, ಹೆದ್ದಾರಿ! ತರಕಾರಿಯವಳದು ಸ್ವಲ್ಪ ಜಾರುವ ಜಾತಿ. ಎದುರುಮನೆಯವರು ದಾರಿಯಲ್ಲಿ ಏನೋ ಕೇಳಿದರು. ಏನು ಕೇಳಿದರೋ ನೆನಪಿಲ್ಲ, ಮೊಣಕೈ ನೆನಪಿದೆ.

ಮಾರ್ಚ್ ೧೩, ಗುರುವಾರ

ನಾಲ್ಕಾಯಿತು. ಐದಾಗಬೇಕಿತ್ತು, ಬೆಳಿಗ್ಗೆ ಒಂದು ಆಚೆ ಬದಿಗೆ ತೂರಿಹೋಗಿ ಚರ್ಮದಡಿ ಗುಳ್ಳೆ ಎದ್ದಿತು. ತೆಗೆದು ಒತ್ತಿ ಹಿಡಿದು ಕ್ಷಮೆ ಕೇಳಿದೆ. ಅಂಥವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಧ್ಯಾಹ್ನ ಗುಬ್ಬಿ ಕೇಳಿದಳು, "ದೊಡ್ಡಮ್ಮ, ಈ ವಯಸ್ಸಲ್ಲಿ ಯಾಕೆ ಈ ಒದ್ದಾಟ? ಆರಾಮಾಗಿ ಒರೆಸ್ಕೊಂಡು ಇರ್ಬಹುದಿತ್ತು."

ಅವಳಿಗೆ ಹೇಳಲಿಲ್ಲ. ನಿನಗೆ ಗೊತ್ತು. ಆದರೂ ಬರೆಯುತ್ತೇನೆ.

ಹದಿನಾಲ್ಕು ವರ್ಷದ ಹಿಂದೆ, ಒಂಬತ್ತನೇ ಬೆಡ್. ನಾಲ್ಕು ವರ್ಷದ ಹೆಣ್ಣುಮಗು, ವಾಂತಿಭೇದಿಯಾಗಿ ಒಣಗಿಹೋಗಿತ್ತು. ಕಾಲು ಅಲ್ಲಾಡದ ಹಾಗೆ ಹಿಡಿದುಕೋ ಅಂದರು, ಹಿಡಿದುಕೊಂಡೆ. ಆಗಿನ ಸಿಸ್ಟರು ಎರಡು ಕೈಗೂ ಚುಚ್ಚಿದರು, ಸಿಗಲಿಲ್ಲ. ಒಂದು, ಎರಡು, ಮೂರು. ನಾನು ಹಿಡಿದ ಕಾಲಿನಲ್ಲಿ, ಹೆಬ್ಬೆರಳ ಕಡೆಯ ಗಿಣ್ಣಿನ ಮೇಲೆ, ನನ್ನ ಬೆರಳಡಿಯಲ್ಲೇ ಒಂದು ನರ ಮೆತ್ತಗೆ ಪುಟಿಯುತ್ತಿತ್ತು. ಇಲ್ಲಿದೆ ಅಂತ ಹೇಳಲು ಬಾಯಿ ಬರಲಿಲ್ಲ. ಆಯಾ ಮಾತನ್ನು ಯಾರು ಕೇಳುತ್ತಾರೆ? ನಾಲ್ಕು, ಐದು, ಆರು. ಏಳನೆಯದಕ್ಕೆ ಅವರೇ ಕಾಲಿಗೆ ಬಂದರು, ನನ್ನ ಬೆರಳಿದ್ದ ಜಾಗದಲ್ಲೇ ಸಿಕ್ಕಿತು. ಮಗು ಬದುಕಿತು, ನಿನ್ನ ದಯೆ. ಆ ಆರು ಚುಚ್ಚು ಮಾತ್ರ ನನ್ನ ಖಾತೆಯಲ್ಲಿವೆ.

ಆರು ಸಾಲದೆಂದು ಹತ್ತು ಕೇಳುತ್ತಿದ್ದಾರೆ. ಕೊಡುತ್ತೇನೆ.

ಮಾರ್ಚ್ ೧೮, ಮಂಗಳವಾರ

ಏಳು. ಒಬ್ಬರು ಇವತ್ತು ನನ್ನನ್ನು "ಸಿಸ್ಟರ್" ಅಂದರು. ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು!

ಎಂಟಾಗಬೇಕಿತ್ತು. ಆಗಗೊಡಲಿಲ್ಲ, ಮಹಾರಾಯಿತಿ. ಎಲ್ಲ ಸರಿಯಾಗಿ ನಡೆದಿತ್ತು. ಒರೆಸಿದೆ. ಒರೆಸಿದ ಮೇಲೆ ನರ ಅಲ್ಲೇ ಇದೆಯಾ ಅಂತ ಬೆರಳಿನಿಂದ ಒಮ್ಮೆ ಒತ್ತಿ ನೋಡಿದೆ. ಸೂಜಿ ಹತ್ತಿರ ಒಯ್ಯುವಷ್ಟರಲ್ಲಿ ನನ್ನ ಮಣಿಕಟ್ಟು ಹಿಡಿದಳು.

"ಮುಟ್ಟಿದ್ರಿ."

"ಗ್ಲೌಸು ಹಾಕಿದ್ದೀನಲ್ಲ ಸಿಸ್ಟರ್."

"ಆ ಗ್ಲೌಸಲ್ಲೇ ಮಂಚ ಮುಟ್ಟಿದ್ದೀರಿ, ಪಟ್ಟಿ ಮುಟ್ಟಿದ್ದೀರಿ. ಅಲ್ಲಿರೋ ಕೊಳೆ ಸೂಜಿ ಜೊತೆ ಸೀದಾ ರಕ್ತಕ್ಕೆ ಹೋಗುತ್ತೆ. ಒರೆಸಿದ ಮೇಲೆ ಮುಟ್ಟಬಾರದು. ಎಷ್ಟು ಸಲ ಹೇಳ್ಬೇಕು? ಗುಬ್ಬಿ, ನೀನು ಹಾಕು."

ಅಲ್ಲ, ನನ್ನ ಬೆರಳೇ ನನ್ನ ಕಣ್ಣು. ಅದನ್ನು ಕಟ್ಟಿಹಾಕು ಅಂದರೆ? ಇಪ್ಪತ್ತು ವರ್ಷ ಚಿಕ್ಕವಳಾದ ಬೇರೆ ಸಿಸ್ಟರು ಬೈದಿದ್ದರೆ ಸಹಿಸುತ್ತಿದ್ದೆ. ನನ್ನ ಕೈಯಡುಗೆ ಉಂಡು ಬಂದವಳು!

ಸಂಜೆ ನನ್ನ ಕಾಲ ಬಂತು. ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ಅಂದಳು, "ಅತ್ತೆ, ಅಡುಗೆಗೆ ಉಪ್ಪೇ ಬಿದ್ದಿಲ್ಲ."

"ಒರೆಸಿಟ್ಟ ಡಬ್ಬಿ ಮುಟ್ಟಬಾರದು ಅಂತ ಸುಮ್ಮನಾದೆ."

ಯಜಮಾನರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅವಳಿಗೂ ನಗು ಬಂತು. ನನಗೆ ಬರಲಿಲ್ಲ.

ಮಾರ್ಚ್ ೨೦, ಗುರುವಾರ

ಒಂಬತ್ತು! ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂಬತ್ತು! ಇನ್ನು ಒಂದೇ ಒಂದು, ಹನ್ನೊಂದು ದಿನ ಕೈಯಲ್ಲಿದೆ.

ಒಂಬತ್ತನೆಯದು ಎಂಥದ್ದು ಗೊತ್ತೇ? ಟೀಚರಮ್ಮನ ಕೈ. ಎಪ್ಪತ್ತಾರು ವರ್ಷ, ಎದೆಯಲ್ಲಿ ಕಫ ಕಟ್ಟಿ ಬಂದವರು, ಎರಡು ವಾರ ಔಷಧಿ ನರದಲ್ಲೇ ಹೋಗಬೇಕು. ಚರ್ಮ ಗಾಳಿಪಟದ ಕಾಗದ, ನರ ಹೊಲಿಗೆ ದಾರ. ನಲವತ್ತು ವರ್ಷ ಲೆಕ್ಕ ಕಲಿಸಿದವರು, ಹಾಸಿಗೆಯಲ್ಲೂ ತಪ್ಪು ಹಿಡಿಯುತ್ತಾರೆ. "ಎಷ್ಟನೇ ಕ್ಲಾಸು ಓದಿದ್ದೀಯಮ್ಮ? ಹತ್ತಾ? ಹದಿನೇಳರ ಮಗ್ಗಿ ಬರುತ್ತಾ?" ಹದಿನೇಳಾರಲ ನೂರಾ ಎರಡರವರೆಗೆ ಹೇಳಿದೆ. "ಸರಿ, ಚುಚ್ಚು," ಅಂದರು.

ಅದೇ ಹೊತ್ತಿಗೆ ಸಿಸ್ಟರಿಗೆ ಫೋನು ಬಂತು, ಅತ್ತ ತಿರುಗಿದಳು. ಒರೆಸಿದ ಮೇಲೆ ಆ ದಾರದಂಥ ನರ ಎಲ್ಲಿ ಜಾರಿತೋ ಅನ್ನಿಸಿ ಒಂದೇ ಸಲ ಬೆರಳಿಟ್ಟು ನೋಡಿದೆ, ಅಷ್ಟೆ. ಹಾಕಿದೆ. ಒಂದೇ ಏಟಿಗೆ ಕೆಂಪು! ಅವಳು ತಿರುಗುವಷ್ಟರಲ್ಲಿ ಡ್ರಿಪ್ಪು ಇಳಿಯುತ್ತಿತ್ತು. ಹುಬ್ಬು ಮೇಲೆ ಹೋಯಿತು ಅವಳದು.

"ಇದನ್ನ ಒಂದೇ ಸಲಕ್ಕೆ ಹಾಕಿದ್ರಾ? ನನಗೇ ನಿನ್ನೆ ಎರಡಾಯ್ತು."

ಸಹಿ ಹಾಕಿದಳು. ಅಂಟುಪಟ್ಟಿಯ ಮೇಲೆ ದಿನಾಂಕ ಬರೆದು ನನ್ನ ಗುರುತು ಹಾಕಿದೆ. ಮನೆಯವರೆಗೂ ನಡೆದೇ ಬಂದೆ, ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ.

ಮಾರ್ಚ್ ೨೨, ಶನಿವಾರ

ಟೀಚರಮ್ಮನ ಕೈ ಕೆಂಪಾಗಿದೆ. ನಾನು ಹಾಕಿದ ಜಾಗದಿಂದ ಮೇಲಕ್ಕೆ ನಾಲ್ಕು ಬೆರಳಷ್ಟು ಉದ್ದ, ಬಿಸಿ, ಮುಟ್ಟಿದರೆ ನೋವು. ಚಳಿಜ್ವರವೂ ಬಂದಿದೆ. ಕ್ಯಾನುಲಾ ತೆಗೆದು ಇನ್ನೊಂದು ಕೈಗೆ ಸಿಸ್ಟರೇ ಹಾಕಿದಳು.

"ಆಗುತ್ತೆ ಒಂದೊಂದ್ಸಲ. ವಯಸ್ಸಾದವರ ನರ," ಅಂದಳು ನನ್ನ ಮುಖ ನೋಡಿ.

ನಾನು ಹೂಂ ಅಂದೆ.

ಮಾರ್ಚ್ ೨೩, ಭಾನುವಾರ

ಪ್ರಾರ್ಥನೆಗೆ ಕೂತೆ. ಶುರು ಮಾಡದೆಯೇ ಎದ್ದೆ.

ಮಾರ್ಚ್ ೨೪, ಸೋಮವಾರ

ಬರೆಯುವುದು ಬಹಳ ಇದೆ.

ಬೆಳಿಗ್ಗೆ ವಾರ್ಡಿಗೆ ಹೋದರೆ ನನ್ನ ಜಾಗಕ್ಕೆ ಬಂದ ಹೊಸ ಆಯಾ ನೆಲ ಒರೆಸುತ್ತಿದ್ದಳು. ಬಾಗಿಲಿನಿಂದ ಕಿಟಕಿಯವರೆಗೆ ಹೊಳೆಯುತ್ತಿತ್ತು. ಮರಿ ಡಾಕ್ಟರೊಬ್ಬರು ಫೋನು ನೋಡುತ್ತಾ ನೇರ ಒಳಗೆ ಬಂದರು. ನನ್ನ ಬಾಯಿಂದ ತಾನಾಗಿ ಹೊರಟಿತು:

"ಒರೆಸಿದ್ದಾಳೆ, ಕಾಲಿಡಬೇಡಿ!"

ಅವರು ನಿಂತರು. "ಒಂದೇ ಹೆಜ್ಜೆ ಅಮ್ಮ. ಚಪ್ಪಲಿ ಕ್ಲೀನಾಗೇ ಇದೆ."

"ಎಲ್ಲಾರೂ ಹಾಗೇ ಅಂತಾರಪ್ಪ. ನಿಮ್ಮ ಒಂದು ಹೆಜ್ಜೆ ಸಾಕು, ಒರೆಸಿದ್ದೆಲ್ಲ ದಂಡ."

ಅಂದೆ. ಅಂದು ಅಲ್ಲೇ ನಿಂತುಬಿಟ್ಟೆ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿದ ಮಾತು ನನ್ನ ಒಂದು ಬೆರಳಿಗೆ ಹೇಳಿರಲಿಲ್ಲ. ಒಂದೇ ಸಲ, ಅಷ್ಟೆ, ಅಂತ ನಾನೂ ಬರೆದಿದ್ದೇನಲ್ಲ! ಈಗ ಹಿಂದಿನ ಹಾಳೆ ತಿರುಗಿಸಿ ನೋಡಿದೆ, ಇದೆ.

ನೇರ ಟೀಚರಮ್ಮನ ಹತ್ತಿರ ಹೋದೆ. "ಅಮ್ಮಾ, ನಿಮ್ಮ ಕೈ ಹೀಗಾಗಿದ್ದು ನನ್ನಿಂದ ಇರಬೇಕು. ಒರೆಸಿದ ಮೇಲೆ ಬೆರಳಿಟ್ಟೆ. ನೆಲ ಒರೆಸ್ತಿದ್ದಾಗ ಯಾರಿಗೂ ಕಾಲಿಡಗೊಡ್ತಿರ್ಲಿಲ್ಲ, ಇಲ್ಲಿ ನಾನೇ ತುಳಿದೆ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ನಲವತ್ತು ವರ್ಷದಲ್ಲಿ ತಪ್ಪು ಲೆಕ್ಕ ತಾನಾಗೇ ತಂದು ತೋರಿಸಿದ ಮಕ್ಕಳು ಮೂರು ಜನ. ನೀನು ನಾಲ್ಕನೆಯವಳು." ಆಮೇಲೆ ಕಡ್ಡಿ ಮುರಿದ ಹಾಗೆ, "ಆದ್ರೆ ಕೈ ನೋಯ್ತಿದೆ. ಅದೂ ನಿಜ," ಅಂದರು.

ಆಮೇಲೆ ಸಿಸ್ಟರಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ, ಬಿಳಿಚಿಕೊಂಡಳು. ನನ್ನ ಪುಸ್ತಕ ತೆಗೆದು ಒಂಬತ್ತನೇ ಸಹಿಯ ಮೇಲೆ ಗೆರೆ ಎಳೆದಳು. ವಾರ್ಡಿನ ದೊಡ್ಡ ಪುಸ್ತಕದಲ್ಲಿ ನಡೆದದ್ದು ಬರೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಕಣ್ಣಾರೆ ನೋಡದೆ ಸಹಿ ಹಾಕಿದ್ದು ನನ್ನ ತಪ್ಪು.

"ಅದನ್ಯಾಕೆ ಬರೀತೀರಿ ಸಿಸ್ಟರ್? ಅದು ನನ್ನದು."

"ಬೆರಳು ನಿಮ್ಮದು. ಸಹಿ ನನ್ನದು."

ನರ್ಸುಗಳಿಗೆಲ್ಲ ದೊಡ್ಡವರಾದ ಮೇಟ್ರನ್ ಇಬ್ಬರನ್ನೂ ಕರೆಸಿ ನಿಲ್ಲಿಸಿದರು. ನನಗೆ ಹೇಳಿದ್ದು, ಇನ್ನೆರಡು ಬೇಕು, ಕೊನೆಯ ದಿನ ಬದಲಾಗುವುದಿಲ್ಲ. ಅವಳಿಗೆ ಹೇಳಿದ್ದು, ಇನ್ನೊಮ್ಮೆ ಹೀಗಾದರೆ ಕಲಿಸುವ ಕೆಲಸದಿಂದ ತೆಗೆಯುತ್ತೇನೆ. ಆರು ವರ್ಷದಿಂದ ಕಲಿಸುತ್ತಿದ್ದಾಳೆ, ಒಂದು ಮಾತು ಕೇಳಿದವಳಲ್ಲ.

ಸಂಜೆ ಇಬ್ಬರೂ ನಡೆದುಕೊಂಡು ಬಂದೆವು. ತಿರುವಿನಲ್ಲಿ ಅವಳು ನಿಂತಳು.

"ನೀವು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅತ್ತೆ."

"ಬೆರಳಿಗೆ ಗೊತ್ತಿತ್ತಲ್ಲಮ್ಮ."

ರಾತ್ರಿ ಊಟಕ್ಕೆ ಉಪ್ಪು ಸರಿಯಾಗಿ ಹಾಕಿದ್ದೆ. ಅವಳು ಎರಡು ಸಲ ಬಡಿಸಿಕೊಂಡಳು, ನನ್ನ ಸೊಸೆ.

ಮಾರ್ಚ್ ೨೬, ಬುಧವಾರ

ಎರಡು ದಿನದಿಂದ ಹೊಸ ರೋಗಿಗಳೇ ಇಲ್ಲ. ಹದಿನಾರು ಬೆಡ್ಡಿನಲ್ಲಿ ಏಳು ತುಂಬಿವೆ, ಏಳಕ್ಕೂ ಡ್ರಿಪ್ಪು ಬೇಡ ಅಥವಾ ಆಗಲೇ ಹಾಕಿಯಾಗಿದೆ. ಗುಬ್ಬಿಗೆ ಹತ್ತೂ ಸಹಿ ತುಂಬಿವೆ, ಕೂದಲು ಬಾಚಿಕೊಳ್ಳುತ್ತಿದ್ದಾಳೆ.

ಮಧ್ಯಾಹ್ನ ಬಾಗಿಲಾಚೆ ನಿಂತು ಕೇಳಿಕೊಂಡೆ, ದೇವರೇ, ಇಬ್ಬರನ್ನು ಕಳಿಸು, ದೊಡ್ಡದೇನೂ ಬೇಡ, ಸ್ವಲ್ಪ ವಾಂತಿ, ಸ್ವಲ್ಪ ಸುಸ್ತು, ನರ ಮಾತ್ರ ಚೆನ್ನಾಗಿರಲಿ...

ಅಯ್ಯೋ! ಏನು ಬೇಡಿದೆ ನಾನು! ಆ ಮಾತು ಹಿಂದಕ್ಕೆ. ಪೂರ್ತಿ ಹಿಂದಕ್ಕೆ. ಎಲ್ಲರೂ ಗಟ್ಟಿಯಾಗಿರಲಿ. ಟೀಚರಮ್ಮನ ಜ್ವರ ಇಳಿಯಲಿ.

ಮನೆಯಲ್ಲಿ ಯಜಮಾನರನ್ನು ಕೇಳಿದೆ, "ಮುಟ್ಟದೆ ಹೇಗೆ ರೀ ಹಾಕೋದು? ಒರೆಸೋ ಹೊತ್ತಿಗೆ ಜಾಗ ಮರೆತ ಹಾಗಾಗುತ್ತೆ." ಅವರು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು.

"ನೋಡೇ, ಕತ್ತರಿ ಹಾಕೋಕೆ ಮುಂಚೆ ಎಷ್ಟು ಬೇಕೋ ಅಷ್ಟು ಅಳೀತೀನಿ. ಗುರುತು ಹಾಕ್ತೀನಿ. ಆಮೇಲೆ ಗುರುತನ್ನ ನಂಬ್ತೀನಿ. ಕತ್ತರಿ ಕೈಲಿ ಹಿಡ್ಕೊಂಡು ಮತ್ತೆ ಮತ್ತೆ ಟೇಪು ಎಳೆಯೋನು ದರ್ಜಿ ಅಲ್ಲ, ಅನುಮಾನದ ಗಿರಾಕಿ."

"ಕೈ ಮೇಲೆ ಸೀಮೆಸುಣ್ಣ ಹಚ್ಚಕ್ಕಾಗುತ್ತಾ?"

ಸೊಸೆ ಒಳಗಿನಿಂದಲೇ ಅಂದಳು, "ದೇವರು ಹಚ್ಚಿ ಕಳಿಸಿರ್ತಾನೆ ಅತ್ತೆ. ಮಚ್ಚೆ, ಸುಕ್ಕು, ಗಾಯದ ಕಲೆ. ಒರೆಸೋಕೆ ಮುಂಚೆ ನೋಡಿಟ್ಕೊಳ್ಳಿ."

ಅದೂ ಸರಿಯೇ! ಇವರ ಎರಡೂ ಕೈ ಒರೆಸಿ, ಒಣಗಿಸಿ, ಮುಟ್ಟದೆ ಪೆನ್ನಿನ ತುದಿಯಿಂದ ತೋರಿಸಿ ಆಮೇಲೆ ಒತ್ತಿ ನೋಡಿದೆ. ಹತ್ತರಲ್ಲಿ ಒಂಬತ್ತು ಸರಿ! ಇವರು ಸ್ಪಿರಿಟ್ಟಿನ ವಾಸನೆಗೆ ಅಂಗಡಿಯಲ್ಲಿ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆಂದು ಗೊಣಗುತ್ತಿದ್ದಾರೆ.

ಮಾರ್ಚ್ ೨೯, ಶನಿವಾರ

ಮತ್ತೆ ಒಂಬತ್ತು. ಲಾರಿ ಡ್ರೈವರು, ಹೊಟ್ಟೆ ಕೆಟ್ಟು ಬಂದಿದ್ದ. ನಾನು ಬೇಡಿದ್ದಕ್ಕೆ ಬಂದವನಲ್ಲ ತಾನೇ? ಮೊಣಕೈ ಹತ್ತಿರ ಒಂದು ಹಳೆಯ ಗಾಯದ ಕಲೆ, ಅದರಿಂದ ಒಂದು ಬೆರಳಗಲ ಕೆಳಗೆ ನರ. ಒರೆಸಿದೆ, ಮುಟ್ಟಲಿಲ್ಲ, ಹಾಕಿದೆ. ಸೊಸೆ ಉದ್ದಕ್ಕೂ ರೆಪ್ಪೆ ಬಡಿಯದೆ ನಿಂತಿದ್ದಳು. ಸಂಜೆ ವಾಂತಿ ನಿಂತಿತು. ಮನೆಗೆ ಹೊರಡುವ ಮುಂಚೆ ಅವನ ಕೈ ಇನ್ನೊಮ್ಮೆ ನೋಡಿ ಬಂದೆ, ಕೆಂಪಿಲ್ಲ.

ಮಾರ್ಚ್ ೩೧, ಸೋಮವಾರ

ಕೈ ಓಡುತ್ತಿಲ್ಲ, ಅಕ್ಷರ ಕುಣಿಯುತ್ತಿವೆ, ಆದರೂ ಸಾಲಾಗಿ ಬರೆಯುತ್ತೇನೆ.

ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಒಂದೂ ಇಲ್ಲ. ಮೂರೂವರೆಗೆ ನಾನು ಹೊಸ ಆಯಾಳ ಬಕೆಟ್ಟು ನೋಡಿ ಮನಸ್ಸಿನಲ್ಲೇ ಅಂದೆ, ಸರಿ ಕಣವ್ವ, ಮತ್ತೆ ನಾವಿಬ್ಬರೇ. ಬೇಜಾರೇನೂ ಆಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಅಷ್ಟರಲ್ಲಿ ಟೀಚರಮ್ಮನ ಕ್ಯಾನುಲಾ ಕಟ್ಟಿಕೊಂಡಿತು. ಕೊನೆಯ ಎರಡು ಡೋಸು ಬಾಕಿ. ಎಡಗೈ ಇನ್ನೂ ವಾಸಿಯಾಗಿಲ್ಲ, ಬಲಗೈಯೊಂದೇ ಉಳಿದಿದ್ದು. ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ಸೊಸೆಯೇ ಪರದೆ ಎಳೆದು ಕೂತಳು. ಒಂದು ಸಲ ಚುಚ್ಚಿದಳು, ನರ ಜಾರಿತು. ಎರಡನೇ ಸಲ, ಒಡೆಯಿತು. ನಮ್ಮಲ್ಲಿ ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಚುಚ್ಚುವ ಹಾಗಿಲ್ಲ. ಇನ್ನೊಬ್ಬ ಸಿಸ್ಟರು ಆಪರೇಷನ್ ಕೋಣೆಯಲ್ಲಿದ್ದರು, ಬರಲು ಒಂದು ಗಂಟೆ ಆಗುತ್ತಿತ್ತು. ಔಷಧಿಯ ಹೊತ್ತು ಆಗಲೇ ಮೀರಿತ್ತು.

ಪರದೆಯ ಒಳಗಿನಿಂದ ದನಿ ಬಂತು.

"ಅತ್ತೆ, ಸ್ವಲ್ಪ ಬನ್ನಿ. ಸಿಗ್ತಿಲ್ಲ ನಂಗೆ."

ವಾರ್ಡಿನಲ್ಲಿ! ಎಂಟು ಗಂಟೆಗೂ ಐದು ಗಂಟೆಗೂ ನಡುವೆ! ಗುಬ್ಬಿ ಬಾಚಣಿಗೆ ಹಿಡಿದೇ ಬಾಯಿ ತೆರೆದಳು.

ಒಳಗೆ ಹೋದೆ. "ಟೀಚರಮ್ಮ, ನಾನು ಹಾಕ್ಬಹುದಾ? ಬೇಡ ಅಂದ್ರೆ ಬೇಡ. ಒಂದು ಗಂಟೆ ಕಾಯ್ಬಹುದು."

"ಯಾರು, ತಪ್ಪು ಲೆಕ್ಕ ತೋರಿಸಿದವಳಾ? ಬಾ. ಈ ಸಲ ಉತ್ತರ ಸರಿ ಇರ್ಬೇಕು."

ಕೈ ತೊಳೆದೆ. ಪಟ್ಟಿ ಕಟ್ಟಿದೆ. ಕೈ ಹಿಂಬದಿಯಲ್ಲಿ ಏನೂ ಇರಲಿಲ್ಲ. ಬಿಸಿ ನೀರಿನ ಬಟ್ಟೆ ಸುತ್ತಿ ಕಾದೆ. ಆಮೇಲೆ ಆತುರವಿಲ್ಲದೆ ಮಣಿಕಟ್ಟಿನಿಂದ ಮೇಲಕ್ಕೆ ಬೆರಳಾಡಿಸಿದೆ. ಹೆಬ್ಬೆರಳ ಕಡೆಯ ಮುಂಗೈಯಲ್ಲಿ, ಆಳದಲ್ಲಿ, ಮೆತ್ತಗೆ, ಆ ಹೆಣ್ಣುಮಗುವಿನ ಕಾಲಿನಲ್ಲಿ ಪುಟಿದ ಹಾಗೇ ಪುಟಿಯಿತು. ಕಣ್ಣಿಗೆ ಕಾಣುವುದಿಲ್ಲ. ಅದರ ಪಕ್ಕ ಒಂದು ಎಳ್ಳುಕಾಳಿನಂಥ ಮಚ್ಚೆ. ಮಚ್ಚೆಯಿಂದ ಒಳಕ್ಕೆ ಅರ್ಧ ಬೆರಳು. ಮೂರು ಸಲ ಅಳೆದೆ. ಗುರುತು ಹಿಡಿದೆ. ಹೊಸ ಗ್ಲೌಸು ಹಾಕಿಕೊಂಡೆ, ಒರೆಸಿದೆ.

ಒರೆಸಿದ ಕೂಡಲೇ ನನ್ನ ತೋರುಬೆರಳು ತಾನಾಗಿ ಎದ್ದಿತು ನೋಡು, ಕಟ್ಟಿಹಾಕಿದ ಕರು ತಾಯಿಯ ಕಡೆ ಎಳೆಯುವ ಹಾಗೆ! ಚರ್ಮಕ್ಕೆ ಒಂದು ಕಾಳಿನಷ್ಟು ದೂರದಲ್ಲಿ ನಿಲ್ಲಿಸಿದೆ. ಸೊಸೆ ಉಸಿರು ಹಿಡಿದದ್ದು ಕೇಳಿಸಿತು.

"ಒರೆಸಿದ್ದೀನಿ," ಅಂದೆ ಬೆರಳಿಗೆ, ಗಟ್ಟಿಯಾಗಿ.

"ಕಾಲಿಡಬೇಡಿ," ಅಂದರು ಟೀಚರಮ್ಮ.

ಒಣಗಲು ಮೂವತ್ತು ಎಣಿಸಬೇಕು. ಅವರೇ ಶುರು ಮಾಡಿದರು, ಒಂದು, ಎರಡು. ನಾನು ಸೇರಿದೆ. ಹತ್ತಕ್ಕೆ ಗುಬ್ಬಿ ಸೇರಿದಳು, ಇಪ್ಪತ್ತಕ್ಕೆ ಪಕ್ಕದ ಬೆಡ್ಡಿನಿಂದ ಲಾರಿ ಡ್ರೈವರು. ಮೂವತ್ತಕ್ಕೆ ನಾನು ಸೂಜಿಯ ಮುಚ್ಚಳ ತೆಗೆದೆ.

"ಸ್ವಲ್ಪ ನೋವಾಗುತ್ತೆ, ತಡ್ಕೊಳ್ಳಿ."

ಮಚ್ಚೆಯಿಂದ ಒಳಕ್ಕೆ ಅರ್ಧ ಬೆರಳು. ಕಾಣದ ಜಾಗಕ್ಕೆ ಸೂಜಿ ಇಟ್ಟೆ. ಒಂದು ಸಣ್ಣ ತಡೆ. ಬಿಡುಗಡೆ.

ಕೆಂಪು!

"ಬಂತಾ?" ಅಂದರು ಟೀಚರಮ್ಮ ಕಣ್ಣು ಮುಚ್ಚಿಕೊಂಡೇ.

"ಬಂತು," ಅಂದಳು ಸೊಸೆ, ನಾನು ಹೇಳುವುದಕ್ಕೂ ಮೊದಲು. ದನಿ ಒಡೆದಿತ್ತು. ಗುಬ್ಬಿ ಕಿರುಚಿದ್ದಕ್ಕೆ ಮೇಟ್ರನ್ ಬಂದು ಯಾರು ಬಿದ್ದರು ಅಂತ ಕೇಳಿದರು.

ಅಂಟು ಹಾಕಿದೆ, ದಿನಾಂಕ ಬರೆದೆ. ಹತ್ತನೇ ಸಾಲಿಗೆ ಸಹಿ ಬಿತ್ತು, ಗಂಟೆ ನಾಲ್ಕು ಹತ್ತು. ನಾಳೆಯಿಂದ ಇದೇ ವಾರ್ಡಿನಲ್ಲಿ, ಬಿಳಿ ಕೋಟು. ಯಜಮಾನರು ಅಳತೆಗೆ ಟೇಪು ಹಿಡಿದು ಆಗಲೇ ಎರಡು ಸಲ ಕರೆದರು. ಈ ಪುಸ್ತಕದ ಮುಂದಿನ ಅರ್ಧಕ್ಕೆ ನನ್ನ ತೋಳೂ ಸೇರಬೇಕಂತೆ.

ಬರುವಾಗ ದಾರಿಯಲ್ಲಿ ಸೊಸೆ ಕೇಳಿದಳು, "ಇವತ್ತು ಬಾಗಿಲಾಚೆ ಪ್ರಾರ್ಥನೆ ಮಾಡ್ಲೇ ಇಲ್ಲ ಅಲ್ವಾ ಅತ್ತೆ? ನೇರ ಬಂದ್ರಿ."

ಹೌದಲ್ಲ! ಮರೆತೇಹೋಗಿತ್ತು, ಇದೀಗ ಬರೆಯುತ್ತಾ ಮತ್ತೆ ನೆನಪಾಯಿತು. ಸಿಟ್ಟು ಮಾಡಿಕೊಳ್ಳಬೇಡ, ದೇವರೇ. ನೀನು ಪರದೆಯ ಹತ್ತಿರ ಎಲ್ಲೋ ನಿಂತಿದ್ದೆ, ನನಗೆ ಗೊತ್ತು. ಒರೆಸಿದ ಮೇಲೆ ನೀನೂ ಮುಟ್ಟುವವನಲ್ಲ.